ಸರ್ ಇದ್ದಾರೆ, ಆದ್ರೆ ಇಂಗ್ಲಿಷಿನಲ್ಲಿ ‘ಈಸ್’

ಗಂಗಾವತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಆರಕ್ಕೆ ಹತ್ತು ಹನ್ನೆರಡು ಮಕ್ಕಳು ಟ್ಯೂಷನ್ನಿಗೆ ಬರುತ್ತಾರೆ. ಆರನೇ, ಏಳನೇ ಕ್ಲಾಸಿನವರು. ಎಲ್ಲರದ್ದೂ ಕನ್ನಡ ಮೀಡಿಯಂ. ನಿನ್ನೆ ಶಾಲೆ ಬಗ್ಗೆ ಇಂಗ್ಲಿಷಿನಲ್ಲಿ ಐದು ವಾಕ್ಯ ಬರೀರಿ ಅಂದಿದ್ದೆ. ಒಬ್ಬ ಹುಡುಗಿ ಗುಂಡಗೆ, ಚೆಂದವಾಗಿ ಬರೆದಿದ್ದಳು: ‘ಅವರ್ ಸರ್ ಆರ್ ಗುಡ್.’

ಕೆಂಪು ಪೆನ್ನು ಕೈಯಲ್ಲೇ ಇತ್ತು. ಗೆರೆ ಎಳೆಯೋಕೆ ಮನಸ್ಸು ಬರಲಿಲ್ಲ.

ಯಾಕಂದ್ರೆ ಏಳನೇ ಕ್ಲಾಸಿನಲ್ಲಿ ಇದೇ ತಪ್ಪಿಗೆ ನಾನು ಇಡೀ ಪೀರಿಯಡ್ಡು ಬಾಗಿಲ ಹೊರಗೆ ನಿಂತಿದ್ದೆ. ಒಬ್ಬರಿದ್ರೆ ಈಸ್, ಜಾಸ್ತಿ ಜನ ಇದ್ರೆ ಆರ್, ಬಾಯಿಪಾಠ ಮಾಡು ಅಂದ್ರು, ಅಷ್ಟೇ. ನಾನು ಯಾಕೆ ಹಾಗೆ ಬರೆದೆ ಅಂತ ಯಾರೂ ಕೇಳಲಿಲ್ಲ. ಸರ್ ಬಂದರು, ಸರ್ ಇದ್ದಾರೆ ಅಂತ ದಿನಾ ಹೇಳೋ ಮಗು ಸರ್‌ಗೆ ‘ಆರ್’ ಹಾಕದೆ ಇನ್ನೇನು ಹಾಕುತ್ತೆ? ಅದು ವ್ಯಾಕರಣ ಬರದೆ ಮಾಡಿದ ತಪ್ಪಲ್ಲ, ಮರ್ಯಾದೆ ಕೊಡೋಕೆ ಹೋಗಿ ಆದ ತಪ್ಪು.

ಹಾಗಾಗಿ ಪಾಠ ಬಿಟ್ಟು ಬೋರ್ಡಿನ ಮೇಲೆ ನಮ್ಮ ಮಾತನ್ನೇ ಬರೆದೆ. ಅದೀನಿ, ಅದೀ, ಅದಾನ, ಅದಾಳ, ಐತಿ, ಅದೀವಿ, ಅದೀರಿ, ಅದಾರ, ಅದಾವ. ಎಷ್ಟಾಯ್ತು ಎಣಿಸಿ ಅಂದೆ. 9! ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಇರೋದು ಆಮ್, ಈಸ್, ಆರ್, ಮೂರೇ ಮೂರು. ಒಂಬತ್ತನ್ನು ಯಾರೂ ಕಲಿಸದೆ ಕಲಿತವರಿಗೆ ಮೂರು ಭಾರ ಆಗಬಾರದು ಅಲ್ವಾ?

ಆದ್ರೂ ಆಗುತ್ತೆ. ನಾವು ‘ನಮ್ಮಪ್ಪ ಡ್ರೈವರ್’ ಅಂತೀವಿ, ಮಾತು ಮುಗೀತು, ಅಲ್ಲಿ ಕ್ರಿಯಾಪದವೇ ಬೇಡ. ಇಂಗ್ಲಿಷಿನಲ್ಲಿ ನಡುವೆ ಈಸ್ ಇಲ್ಲದಿದ್ರೆ ವಾಕ್ಯ ನಿಲ್ಲಲ್ಲ. ಅದಕ್ಕೇ ಮಕ್ಕಳು ಬೇಕಾದ ಕಡೆ ಬಿಡುತ್ತಾರೆ, ಆಮೇಲೆ ಬೈಸಿಕೊಂಡು ಭಯಕ್ಕೆ ಬೇಡದ ಕಡೆಯೂ ತುರುಕುತ್ತಾರೆ, ‘ಐ ಆಮ್ ಗೋ ಟು ಸ್ಕೂಲ್’ ಹುಟ್ಟೋದು ಹೀಗೆ. ಇದಕ್ಕೆ ನಾನು ಕನ್ನಡದಿಂದಲೇ ದಾರಿ ತೋರಿಸುತ್ತೇನೆ: ‘ಹೋಗ್ತಾ ಇದ್ದೀನಿ’ ಅನ್ನುವಾಗ ‘ಇದ್ದೀನಿ’ ಇದೆ ನೋಡು, ಅದೇ ಆಮ್, ‘ಹೋಗ್ತಾ’ ಅನ್ನೋದು ಗೋಯಿಂಗ್. ದಿನಾ ‘ಹೋಗ್ತೀನಿ’ ಅನ್ನುವಾಗ ‘ಇದ್ದೀನಿ’ ಇಲ್ಲ, ಅಲ್ಲಿ ಆಮ್ ಕೂಡ ಇಲ್ಲ, ಬರೀ ‘ಐ ಗೋ’.

ಹಿಂದಿನ ಸಾಲಿನ ಹುಡುಗ ಕೈ ಎತ್ತಿದ. ‘ಅಕ್ಕಾ, ಯು ಅಂದ್ರ ನೀನು, ಒಬ್ಬನೇ. ಮತ್ತ ಆರ್ ಯಾಕ?’

ಎಷ್ಟು ಒಳ್ಳೆ ಪ್ರಶ್ನೆ! ಇಂಗ್ಲಿಷಿನಲ್ಲೂ ಹಿಂದೆ ‘ನೀನು’ ಬೇರೆ, ‘ನೀವು’ ಬೇರೆ ಇತ್ತು. ‘ನೀನು’ಗೆ ‘ದೌ’, ಅದರ ಜೊತೆ ‘ಆರ್ಟ್’. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ‘ದೌ ಆರ್ಟ್’ ಈಗಲೂ ಓದೋಕೆ ಸಿಗುತ್ತೆ. ‘ಯು’ ಆಗ ಹಲವರಿಗೆ ಹೇಳೋ ಮಾತಾಗಿತ್ತು, ದೊಡ್ಡವರು ಒಬ್ಬರೇ ಇದ್ರೂ ಹಾಗೇ ಕರೆಯುತ್ತಿದ್ದರು, ಥೇಟ್ ನಮ್ಮ ‘ನೀವು’ ಥರ. ಬರ್ತಾ ಬರ್ತಾ ಎಲ್ಲರಿಗೂ ‘ಯು’ ಅನ್ನೋದೇ ರೂಢಿಯಾಗಿ, ಅದರ ಬೆನ್ನಿಗೆ ಆರ್ ಕೂಡ ಉಳಿದುಕೊಂಡಿತು. ಅಂದ್ರೆ ‘ಯು ಆರ್’ ಅಂದಾಗ ಎದುರಿಗಿದ್ದವನಿಗೆ ‘ನೀವು ಅದೀರಿ’ ಅಂದ ಹಾಗೆ. ಇದನ್ನ ಹೇಳಿದ ಮೇಲೆ ಮಕ್ಕಳು ಒಬ್ಬರಿಗೊಬ್ಬರು ಯು ಆರ್, ಯು ಆರ್ ಅಂತ ಕೈ ಮುಗಿದಿದ್ದೇ ಮುಗಿದಿದ್ದು.

ಇನ್ನೊಂದು ಹೇಳಲೇಬೇಕು. ಆಮ್, ಈಸ್ ಇವು ಸಂಸ್ಕೃತದ ಅಸ್ಮಿ (ಇದ್ದೇನೆ), ಅಸ್ತಿ (ಇದೆ) ಇವುಗಳ ಬಳಗ. ಇದೇ ಕ್ರಿಯಾಪದದ ಇನ್ನೊಂದು ರೂಪ ‘ಬಿ’ ಅನ್ನೋದು ‘ಭವತಿ’ಯ (ಆಗುತ್ತದೆ) ಕಡೆಯದು. ಬೇರೆ ಬೇರೆ ಮೂಲದ ಹಳೇ ಕ್ರಿಯಾಪದಗಳು ಒಂದೇ ಮನೆ ಸೇರಿದ್ದಕ್ಕೆ ಈ ರೂಪಗಳು ಒಂದಕ್ಕೊಂದು ಹೋಲೋದಿಲ್ಲ.

ಆ ಹುಡುಗಿ ಮಾತ್ರ ನೋಟ್‌ಬುಕ್ಕು ಹಿಡಿದು ಇನ್ನೂ ಕೂತಿದ್ದಳು. ಹಿ, ಶಿ ಜೊತೆ ಇಂಗ್ಲಿಷಿನಲ್ಲಿ ಮರ್ಯಾದೆಗೆ ಬೇರೆ ರೂಪ ಇಲ್ಲ, ರಾಷ್ಟ್ರಪತಿಗೂ ಈಸ್, ಪುಟ್ಟ ತಮ್ಮನಿಗೂ ಈಸ್ ಅಂತ ಬಿಡಿಸಿ ಹೇಳಿದೆ. ಅವಳು ರಬ್ಬರಿನಿಂದ ಆರ್ ಅಳಿಸಿದಳು. ಈಸ್ ಬರೆಯೋ ಮೊದಲು ತಲೆ ಎತ್ತಿ ಕೇಳಿದಳು:

‘ಸರ್‌ಗೆ ಸಿಟ್ಟು ಬರಂಗಿಲ್ಲೇನ್ರೀ ಅಕ್ಕಾ?’

ಇಲ್ಲವ್ವ, ಬರಂಗಿಲ್ಲ, ಬರಿ ಅಂದೆ.