ಆ ಫೋಟೋ ಇನ್ನೂ ಯಾಕೆ ಇಟ್ಕೊಂಡಿದ್ದೀರಿ?

ನಮ್ಮ ಮನೆ ಹಾಲ್‌ನಲ್ಲಿ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಫೋಟೋ ಇದೆ. ಎಮರ್ಜೆನ್ಸಿ ಕಾಲದ್ದು. ಕೈಗೆ ಕೋಳ ಹಾಕಿದ್ದಾರೆ, ಸರಪಳಿ ಸಮೇತ ಆ ಕೈಯನ್ನು ಮೇಲೆತ್ತಿದ್ದಾರೆ. ಪತ್ರಿಕೆಯಿಂದ ಕತ್ತರಿಸಿ ಫ್ರೇಮ್ ಹಾಕಿಸಿದ್ದು. ಗಾಜು ಒಂದು ಮೂಲೆಯಲ್ಲಿ ಸೀಳಿದೆ. ಮನೆಗೆ ಬಂದವರು ಅದನ್ನು ನೋಡುತ್ತಾರೆ, ಕಾಫಿ ಬರುವ ಮೊದಲೇ ಪ್ರಶ್ನೆ ಬರುತ್ತದೆ. "ಇವರು ಕೊನೆಗೆ ಬಿಜೆಪಿ ಜೊತೆ ಹೋದ್ರಲ್ಲ ಸಾರ್, ಇನ್ನೂ ಯಾಕೆ ಇಟ್ಕೊಂಡಿದ್ದೀರಿ?"

ಇಪ್ಪತ್ತೈದು ವರ್ಷದಿಂದ ಬಾಯಲ್ಲಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದು ಹಾಕಿಬಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಓದದಿದ್ದರೆ ಇನ್ನೂ ಒಳ್ಳೆಯದು.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಆ 'ಇನ್ನೂ' ಅನ್ನುವ ಪದಕ್ಕೆ. ನಿನ್ನೆಯ ಹಳಸಿದ ಸಾರು ಇನ್ನೂ ಯಾಕೆ ಚೆಲ್ಲಿಲ್ಲ ಅಂತ ಕೇಳುವ ಥರ ಇರುತ್ತದೆ.

ಹೋದ ವರ್ಷ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಕೂತಿದ್ದೆ. ಆಗಷ್ಟೇ ಪಾಯಸ ಬಡಿಸಿದ್ದರು. ಎದುರು ಸಾಲಿನಿಂದ ನನ್ನ ಅಕ್ಕನ ಮಗ ಎಲ್ಲರಿಗೂ ಕೇಳುವ ಹಾಗೆ ಅಂದ. "ಮಾವ, ಈ ಯೂನಿಯನ್ ಲೀಡರ್‌ಗಳೆಲ್ಲ ಹೀಗೇ ಅಲ್ವಾ? ಫ್ಯಾಕ್ಟರಿ ಗೇಟಲ್ಲಿ ಶುರು, ಗೂಟದ ಕಾರಲ್ಲಿ ಮುಕ್ತಾಯ." ಸಾಲಿಗೆ ಸಾಲೇ ನಕ್ಕಿತು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಆ ಗೂಟದ ಕಾರಿನ ಮನುಷ್ಯ ದೆಹಲಿಯಲ್ಲಿ ತನ್ನ ಬಂಗಲೆಯ ಗೇಟನ್ನೇ ಕೀಳಿಸಿ ಹಾಕಿದ್ದ ಕಣೋ. ರಕ್ಷಣಾ ಮಂತ್ರಿ ಆದಮೇಲೂ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದ. ಇಸ್ತ್ರಿ ಗಿಸ್ತ್ರಿ ಇಲ್ಲ" ಅಂದೆ. ಅವನು, "ಬಟ್ಟೆ ಒಗೆಯೋಕೆ ಅಂತ ಜನ ವೋಟ್ ಹಾಕಿದ್ರಾ ಮಾವ?" ಅಂದ.

ನನಗೆ ಏನೂ ಹೊಳೆಯಲಿಲ್ಲ. ಪಾಯಸ ಕುಡಿದೆ.

ಆದರೂ ಗೇಟು, ಗೂಟ ಅಂತ ಪ್ರಾಸ ಕಟ್ಟುವವರಿಗೆ ಮಧ್ಯದ ದಾರಿ ಗೊತ್ತಿರುವುದಿಲ್ಲ. ಜಾರ್ಜ್ ಹುಟ್ಟಿದ್ದು 1930ರಲ್ಲಿ, ಮಂಗಳೂರಿನಲ್ಲಿ. ಪಾದ್ರಿ ಆಗಲಿ ಅಂತ ಹದಿನಾರನೇ ವಯಸ್ಸಿಗೆ ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಗುರುಗಳಿಗೆ ಒಂದು ಊಟ, ಹುಡುಗರಿಗೆ ಇನ್ನೊಂದು ಊಟ. ಅದು ಸಹಿಸದೆ ಹೊರಬಿದ್ದರು. ಮಂಗಳೂರಿನಲ್ಲಿ ಹೋಟೆಲ್ ಮಾಣಿಗಳನ್ನು ಸೇರಿಸಿ ಸಂಘ ಕಟ್ಟಿದರು. 1949ರಲ್ಲಿ ಮುಂಬೈಗೆ ಹೋದರು. ಚೌಪಾಟಿಯ ಬೆಂಚಿನ ಮೇಲೆ ಮಲಗಿದರು, ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಮಾಡಿದರು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿ'ಮೆಲ್ಲೊ ಅವರ ಕೈಕೆಳಗೆ ಕೆಲಸ ಕಲಿತರು. ಟ್ಯಾಕ್ಸಿಯವರು, ನಗರಪಾಲಿಕೆಯ ಕಸ ಗುಡಿಸುವವರು ಇವರ ಹಿಂದೆ ನಿಂತರು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಎಸ್.ಕೆ. ಪಾಟೀಲರಂಥ ಕಾಂಗ್ರೆಸ್ ದೊಡ್ಡಕುಳವನ್ನು ಸೋಲಿಸಿದರು. ಗೇಟಿನಿಂದ ಅಲ್ಲಿಗೆ ಬರಲು ಹದಿನೆಂಟು ವರ್ಷ ಹಿಡಿಯಿತು.

ಇನ್ನೊಂದು ಉಪಪ್ರಶ್ನೆ ಇದೆ, ಕನ್ನಡ ಅಭಿಮಾನಿಗಳದ್ದು. "ನಮ್ಮವರಾಗಿದ್ದುಕೊಂಡು ಬಿಹಾರಕ್ಕೆ ಯಾಕೆ ಹೋದ್ರು?" ಸ್ವಾಮಿ, 1984ರಲ್ಲಿ ಅವರು ಬೆಂಗಳೂರು ಉತ್ತರದಲ್ಲೇ ನಿಂತಿದ್ದರು. ರಾತ್ರಿ ಮೈದಾ ಗಂಜಿ ಕಾಯಿಸಿ ಗೋಡೆಗೆ ಪೋಸ್ಟರ್ ಅಂಟಿಸಿದವರಲ್ಲಿ ನಾನೂ ಒಬ್ಬ. ಬೆಳಿಗ್ಗೆ ನೋಡಿದರೆ ಅರ್ಧ ಪೋಸ್ಟರು ಹಸುಗಳ ಹೊಟ್ಟೆಯಲ್ಲಿ. ಕಾಂಗ್ರೆಸ್ಸಿನ ಜಾಫರ್ ಷರೀಫ್ ಗೆದ್ದರು. ನಾವೇ ಸೋಲಿಸಿ ಕಳಿಸಿ, ಈಗ ಯಾಕೆ ಹೋದ್ರು ಅಂತ ಕೇಳುತ್ತೇವೆ. ಬಿಹಾರದ ಮುಜಫರ್‌ಪುರದವರೋ, 1977ರಲ್ಲಿ ಅವರು ಜೈಲಿನಲ್ಲಿದ್ದಾಗಲೇ, ಪ್ರಚಾರಕ್ಕೆ ಮುಖವನ್ನೂ ತೋರಿಸದವರನ್ನು ಮೂರು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆಲ್ಲಿಸಿದ್ದರು.

ಹಾಗಂತ ನಾನು ಭಕ್ತ ಅಲ್ಲ. 1979ರಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರದ ಪರವಾಗಿ ಎದೆ ತಟ್ಟಿ ಮಾತಾಡಿ, ಕೆಲವೇ ದಿನದಲ್ಲಿ ಅದೇ ಸರ್ಕಾರವನ್ನು ಬಿಟ್ಟು ಹೊರನಡೆದರು. 2002ರಲ್ಲಿ ಗುಜರಾತಿನ ಹಿಂಸೆಯನ್ನು ಹಗುರ ಮಾಡಿ ಸದನದಲ್ಲಿ ಆಡಿದ ಮಾತು ಕೇಳಿ ಆ ವಾರವೇ ಫೋಟೋ ಕೆಳಗಿಳಿಸಿದ್ದೆ. ಒಂದು ತಿಂಗಳು ಬೀರುವಿನ ಮೇಲೆ ಗೋಡೆಗೆ ಮುಖ ಮಾಡಿಕೊಂಡಿತ್ತು. ಗೋಡೆಯಲ್ಲಿ ಬಿಳಿ ಚೌಕ ಉಳಿದಿತ್ತು. ಬಂದವರು "ಇಲ್ಲೇನಿತ್ತು?" ಅಂತ ಕೇಳತೊಡಗಿದರು. ಅದು ಇನ್ನೂ ಕಷ್ಟದ ಪ್ರಶ್ನೆ. ವಾಪಸ್ ಹಾಕಿದೆ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಮುಷ್ಕರ ಮುಗಿಸುವುದು ಹೇಗೆ?

ಶುರು ಮಾಡುವುದು ಎಲ್ಲರಿಗೂ ಗೊತ್ತು. ಬಾವುಟ, ಘೋಷಣೆ, ಮೈಕು. 1974ರ ಮೇ 8ಕ್ಕೆ ದೇಶದ ರೈಲುಗಳು ನಿಂತವು. ಹಗಲು ರಾತ್ರಿ ಎಂಜಿನ್ ಓಡಿಸುವವರಿಗೆ ಎಂಟು ಗಂಟೆಯ ಡ್ಯೂಟಿ, ಬೇರೆ ಸರ್ಕಾರಿ ಉದ್ಯಮದವರಿಗೆ ಸಿಗುವಷ್ಟು ಸಂಬಳ, ಬೋನಸ್, ಇವು ಬೇಡಿಕೆಗಳು. ರೈಲ್ವೆ ನೌಕರರ ಒಕ್ಕೂಟದ ಅಧ್ಯಕ್ಷರಾಗಿದ್ದ ಜಾರ್ಜ್ ಅವರನ್ನು ಮುಷ್ಕರಕ್ಕೆ ಮೊದಲೇ, ಮೇ 2ರಂದು ಲಕ್ನೋದಲ್ಲಿ ಹಿಡಿದರು. ಸಾವಿರಾರು ಜನ ಜೈಲಿಗೆ ಹೋದರು, ಸಾವಿರಾರು ಜನರ ಕೆಲಸ ಹೋಯಿತು, ಹೆಂಡತಿ ಮಕ್ಕಳನ್ನು ರೈಲ್ವೆ ಕ್ವಾರ್ಟರ್ಸ್‌ನಿಂದ ಹೊರಹಾಕಿದರು. ಇಪ್ಪತ್ತು ದಿನ ನಡೆಯಿತು. ಮೇ 27ಕ್ಕೆ ಮುಷ್ಕರ ನಡೆಸುತ್ತಿದ್ದ ಕ್ರಿಯಾ ಸಮಿತಿಯೇ ಮುಷ್ಕರ ವಾಪಸ್ ತಗೊಂಡಿತು. ಕೈಗೆ ಏನೂ ಸಿಕ್ಕಿರಲಿಲ್ಲ.

ಎಲ್ಲರೂ ಮೇ 8ರ ಜಾರ್ಜ್ ಬಗ್ಗೆ ಮಾತಾಡುತ್ತಾರೆ. ನನಗೆ ಮೇ 27ರ ಜಾರ್ಜ್ ಬೇಕು. ಜೈಲಿನೊಳಗೆ ಕೂತು, ತನ್ನ ಮಾತು ನಂಬಿ ಹೊರಬಂದ ಲಕ್ಷಾಂತರ ಜನ ತಲೆ ತಗ್ಗಿಸಿ ಕೆಲಸಕ್ಕೆ ಹೋಗುತ್ತಿದ್ದಾರೆ ಅಂತ ಗೊತ್ತಾದ ದಿನದವರು. ಆಮೇಲೆ 1977ರಲ್ಲಿ ಜನತಾ ಸರ್ಕಾರ ಬಂತು, ರೈಲ್ವೆ ಮಂತ್ರಿ ಮಧು ದಂಡವತೆ ಕೆಲಸ ಕಳೆದುಕೊಂಡವರನ್ನು ವಾಪಸ್ ತಗೊಂಡರು. 1979ರಲ್ಲಿ ಬೋನಸ್ಸೂ ಬಂತು. ನಮ್ಮ ಪಕ್ಕದ ಮನೆಯ ಹುಡುಗ ರೈಲ್ವೆಯಲ್ಲಿದ್ದಾನೆ. ದಸರಾ ಹೊತ್ತಿಗೆ 78 ದಿನದ ಬೋನಸ್ ಬಂದಾಗ ಮೈಸೂರು ಪಾಕ್ ತಂದುಕೊಡುತ್ತಾನೆ. ಒಂದು ಸಲ ಫೋಟೋ ನೋಡಿ, "ಯಾರು ಅಂಕಲ್ ಇದು, ಹಳೇ ಸಿನಿಮಾದವರಾ?" ಅಂದ. ನನ್ನ ಬಾಯ್ತುಂಬ ಮೈಸೂರು ಪಾಕ್ ಇತ್ತು.

ನಾನೂ ಒಂದು ಸಣ್ಣ ಯೂನಿಯನ್ನಿನ ಕಾರ್ಯದರ್ಶಿ ಆಗಿದ್ದೆ. ಕಾರ್ಖಾನೆ ಹೆಸರು ಬೇಡ. ತೊಂಬತ್ತರ ದಶಕದಲ್ಲಿ ನಲವತ್ತಮೂರು ದಿನ ಮುಷ್ಕರ ಮಾಡಿದೆವು. ಮೊದಲ ವಾರ ಗೇಟಿನ ಮುಂದೆ ಚಿತ್ರಾನ್ನ, ಹಾಡು, ಹಬ್ಬ. ಮೂರನೇ ವಾರ ಚಂದಾ ಪುಸ್ತಕ ಹಿಡಿದು ಬೇರೆ ಕಾರ್ಖಾನೆಗಳ ಗೇಟಿನಲ್ಲಿ ನಿಂತೆವು. ಐದನೇ ವಾರ ಹೆಂಗಸರ ಕತ್ತಿನಲ್ಲಿ ಬರೀ ಅರಿಶಿನದ ದಾರ. ನಲವತ್ತಮೂರನೇ ದಿನ ಸಂಜೆ ನಾನು ಒಂದು ಮರದ ಸ್ಟೂಲ್ ಮೇಲೆ ಹತ್ತಿದೆ. ಮೈಕಿನವನಿಗೆ ಬಾಡಿಗೆ ಬಾಕಿ ಇತ್ತು, ಅವನು ಬಂದಿರಲಿಲ್ಲ. ಬರೆದುಕೊಂಡಿದ್ದ ಭಾಷಣ ಜೇಬಿನಲ್ಲೇ ಉಳಿಯಿತು. "ನಾಳೆ ಫಸ್ಟ್ ಶಿಫ್ಟ್‌ಗೆ ಬನ್ನಿ" ಅಂದೆ. ಅಷ್ಟೇ.

ಯಾರಾದರೂ ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಕಡೆಗೆ ಹಿಂದಿನಿಂದ ಒಬ್ಬ ವಯಸ್ಸಾದ ಟರ್ನರ್ ಕೈ ಎತ್ತಿದ. "ಕ್ಯಾಂಟೀನ್ ಇರುತ್ತಾ ಸಾರ್, ಇಲ್ಲ ಡಬ್ಬಿ ತರಬೇಕಾ?"

ನನಗೆ ಗೊತ್ತಿರಲಿಲ್ಲ. "ತನ್ನಿ" ಅಂದೆ. ಮಾರನೆಯ ದಿನ ಎಲ್ಲರೂ ಡಬ್ಬಿ ತಂದಿದ್ದರು. ಕ್ಯಾಂಟೀನೂ ತೆರೆದಿತ್ತು.