ಮಾವನ ವಾಚಿನ ಬೆನ್ನು

ಡೊಂಬಿವಲಿ
13 ಜುಲೈ 2025, ಭಾನುವಾರ

ಕೊನೆಗೂ ಬಿಚ್ಚಿತು. ಮೂರು ಭಾನುವಾರ, ಒಂದು ಚಪಾತಿ ಮಣೆ, ಎರಡು ಟ್ಯೂಬ್ ಫೆವಿಕ್ವಿಕ್, ಹೆಂಡತಿಯ ಅರ್ಧ ಬಾಟಲಿ ನೈಲ್ ಪಾಲಿಶ್ ರಿಮೂವರ್. ಇಷ್ಟು ಖರ್ಚಾಯಿತು.

ವಾಚು ಸೋದರಮಾವನದು. ಎಚ್‌ಎಂಟಿ, ದಿನಾ ಕೀ ಕೊಡುವಂಥದ್ದು. ಮಾವ ಮಾಟುಂಗಾದ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿ, ಗಲ್ಲಾದಲ್ಲಿ ಕೂತು ರಿಟೈರ್ ಆದವರು. ಈಗ ಕುಂದಾಪುರದ ಹತ್ತಿರ ಊರಲ್ಲಿದ್ದಾರೆ. ಮೇ ತಿಂಗಳಲ್ಲಿ ಬಂದಾಗ ಕರ್ಚೀಫಿನಲ್ಲಿ ಸುತ್ತಿದ್ದ ಇದನ್ನು ಕೈಗಿಟ್ಟು, "ನಡೆಸಿದ್ರೆ ನಿಂಗೇ ಇರ್ಲಿ" ಅಂದರು. ಜೊತೆಗೆ ಆ ಹಳೇ ಕಥೆ ಮತ್ತೊಮ್ಮೆ. 1977ರಲ್ಲಿ ಪರಿಚಯದವರೊಬ್ಬರಿಗೆ ಹೇಳಿ ತರಿಸಿದ್ದು. ಡಬ್ಬಿಯಿಂದ ತೆಗೆದು ಕಟ್ಟಿಕೊಂಡ ಹೊಚ್ಚ ಹೊಸಾ ವಾಚು. ಈ ಕಥೆಯನ್ನು ನಾನು ಚಡ್ಡಿ ಹಾಕುವ ಕಾಲದಿಂದ ಕೇಳಿದ್ದೇನೆ.

ಸ್ಟೇಷನ್ ಹತ್ತಿರದ ರಿಪೇರಿಯವರು ಎರಡು ಸಲ ಒತ್ತಿ ನೋಡಿ, "ಜಾಮ್ ಹೋ ಗಯಾ" ಅಂತ ವಾಪಸ್ ಕೊಟ್ಟರು. ಅಲ್ಲಿಂದ ನನ್ನ ಹಟ ಶುರುವಾಯಿತು.

ವಾಚಿನ ಬೆನ್ನಿನ ಮುಚ್ಚಳದಲ್ಲಿ ಎರಡು ಜಾತಿ ಜಾಸ್ತಿ ಕಾಣಸಿಗುತ್ತವೆ. ಒಂದು, ಒತ್ತಿ ಕೂರಿಸುವಂಥದ್ದು. ಅದರ ಅಂಚಿನಲ್ಲಿ ಎಲ್ಲೋ ಒಂದು ಕಡೆ ಉಗುರು ತೂರುವಷ್ಟು ಸಣ್ಣ ತುಟಿ ಇರುತ್ತದೆ, ಅಲ್ಲಿ ಮೊಂಡು ಚೂರಿ ಇಟ್ಟು ಎಬ್ಬಿಸಬೇಕು. ಇನ್ನೊಂದು ತಿರುಪಿನದು. ಅದಕ್ಕೆ ಸುತ್ತಲೂ ಕಚ್ಚುಗಳಿರುತ್ತವೆ. ಮಾವನದು ತಿರುಪಿನದು, ಆರು ಕಚ್ಚು. ಆದರೆ ಕಚ್ಚುಗಳು ಕೊಳೆಯಲ್ಲಿ ಹೂತು ಹೋಗಿ, ಹಿಂದೆ ಯಾರೋ ಪುಣ್ಯಾತ್ಮರು ಒತ್ತಿನದೆಂದು ತಿಳಿದು ಚೂರಿ ಆಡಿಸಿದ್ದಾರೆ. ಅಂಚೆಲ್ಲ ಗಾಯ.

ಮೊದಲ ಭಾನುವಾರ ಪಟ್ಟಿ ಬಿಚ್ಚಿ, ಹಲ್ಲುಕಡ್ಡಿಯಿಂದ ಆ ಕೊಳೆ ತೆಗೆಯುತ್ತಾ ಕೂತೆ. ಅಂತೂ ಹೊರಬಂದದ್ದು ಹಸಿರು ಮಿಶ್ರಿತ ಕಪ್ಪು ಹಿಟ್ಟು. ಬೆವರು, ಚರ್ಮದ ಹೊಟ್ಟು, ಹಿತ್ತಾಳೆಯ ಕಿಲುಬು ಎಲ್ಲ ಸೇರಿದ್ದು. ಕೇಸು ಹಿತ್ತಾಳೆ, ಮೇಲೆ ಕ್ರೋಮ್ ಲೇಪ. ಮುಚ್ಚಳ ಸ್ಟೀಲು. ಎರಡು ಬೇರೆ ಲೋಹಗಳ ನಡುವೆ ಉಪ್ಪಿನ ಬೆವರು ಇಳಿದರೆ ಕಿಲುಬು ಕಟ್ಟದೆ ಇರುತ್ತದಾ? ಅದೂ ಮುಂಬೈ ಸೆಕೆ, ಹೋಟೆಲಿನ ಒಲೆ ಮುಂದೆ.

ಅದರ ಹಿಂದಿನ ದಿನವೇ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿಗೆ ಹೋಗಿ ಮೂರು ಕಾಲಿನ ಓಪನರ್ ತಂದಿದ್ದೆ. ಮೂರು ಕಾಲನ್ನು ಒಂದು ಬಿಟ್ಟು ಒಂದು ಕಚ್ಚಿಗೆ ಕೂರಿಸಿ ಎಡಕ್ಕೆ ತಿರುಗಿಸಬೇಕು, ಅಷ್ಟೇ. ಎಡಗೈಯಲ್ಲಿ ವಾಚು, ಬಲಗೈಯಲ್ಲಿ ಓಪನರ್. ಹಲ್ಲು ಕಚ್ಚಿ ಒಂದೇ ಸಲ ತಿರುಗಿಸಿದೆ. ಕಾಲು ಜಾರಿ ಮುಚ್ಚಳದ ಮೇಲೆ ಅರ್ಧಚಂದ್ರದ ಹಾಗೆ ಒಂದು ಗೀರು, ನನ್ನ ಹೆಬ್ಬೆರಳಿನ ಬುಡದಲ್ಲಿ ಇನ್ನೊಂದು. ಎರಡನೆಯದು ಮಾಸಿದೆ.

ವಾಚನ್ನು ಕೈಯಲ್ಲಿ ಹಿಡಿದದ್ದೇ ತಪ್ಪು ಅಂತ ಆಮೇಲೆ ಹೊಳೆಯಿತು. ನನ್ನ ಅರ್ಧ ಬಲ ವಾಚು ಅಲುಗದಂತೆ ಹಿಡಿಯಲಿಕ್ಕೇ ಹೋಗುತ್ತಿತ್ತು. ಬಿರುಕು ಬಿಟ್ಟ ಹಳೇ ಚಪಾತಿ ಮಣೆ ಒಂದಿತ್ತು. ಅದರ ಮೇಲೆ ವಾಚನ್ನು ಬಟ್ಟೆ ಹಾಸಿ ಮಗುಚಿಟ್ಟು, ಪಟ್ಟಿ ಸಿಗಿಸುವ ನಾಲ್ಕು ಕೊಂಬುಗಳ ಒಳಮಗ್ಗುಲಿಗೆ ಒಂದೊಂದು ಮೊಳೆ ಬರುವಂತೆ ಗುರುತು ಮಾಡಿದೆ. ವಾಚು ಎತ್ತಿಟ್ಟು ಮೊಳೆ ಹೊಡೆದು, ಮೊಳೆಗಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದೆ. ಈಗ ವಾಚು ಎಲ್ಲಿಗೂ ಹೋಗುವ ಹಾಗಿಲ್ಲ. ಈ ಹೊತ್ತಿಗೆ ಹೆಂಡತಿ ಬಂದು, "ರೀ, ಆ ಮಣೆ ಬಿಸಾಡಿ ಅಂದಾಗ ಬಿಸಾಡಿದ್ರೆ ಇವತ್ತು ಗೋಧಿ ಹಿಟ್ಟಾದ್ರೂ ತರ್ತಿದ್ರಿ" ಅಂದಳು.

ಎರಡನೇ ಭಾನುವಾರ ಹೇರ್ ಡ್ರೈಯರ್. ಹಿತ್ತಾಳೆ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಹೊರಗಿನ ಕೇಸು ಹಿಗ್ಗಿದರೆ ಒಳಗಿನ ಮುಚ್ಚಳ ಸಡಿಲಾಗಬೇಕು ಅನ್ನುವ ಲೆಕ್ಕ. ಗಾಜು ಅಕ್ರಿಲಿಕ್, ಹಾಗಾಗಿ ಕೈ ತಡೆಯುವಷ್ಟು ಮಾತ್ರ ಬಿಸಿ. ಲೆಕ್ಕ ಸರಿ, ಮುಚ್ಚಳ ಕೇಳಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡಿ ಅಂತ ಗೆಳೆಯ ಹೇಳಿದ. ಹೊಡೆಯಲಿಲ್ಲ. ಆ ಎಣ್ಣೆ ತಿರುಪಿನ ಎಳೆಯ ಸಂದಿನಲ್ಲೂ ಹರಿದು ಒಳಗಿನ ಹೇರ್‌ಸ್ಪ್ರಿಂಗ್, ಅಂದರೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್ ಮೇಲೆ ಕೂತರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ವಾಚು ಓಡಿದರೂ ಟೈಮ್ ಮೀರಿ ಕುದುರೆ ಓಟವೇ.

ಉಳಿದದ್ದು ನಟ್ಟಿನ ಉಪಾಯ. ಮುಚ್ಚಳದ ನಡುವೆ ಒಂದು ದೊಡ್ಡ ನಟ್ ಅಂಟಿಸಿ ಅದನ್ನು ಸ್ಪ್ಯಾನರಿನಲ್ಲಿ ತಿರುಗಿಸುವುದು. ಓಪನರ್ ಜಾರುವ ಪ್ರಶ್ನೆಯೇ ಇಲ್ಲ. ಅಂದೇ ಅಂಟಿಸಿ ಹತ್ತು ನಿಮಿಷ ಬಿಟ್ಟು ತಿರುಗಿಸಿದರೆ ನಟ್ ಟಪ್ಪಂತ ಎದ್ದು ಬಾಲ್ಕನಿಯ ತುಳಸಿ ಕುಂಡಕ್ಕೆ ಬಿತ್ತು. ಅವಸರ, ಮತ್ತೇನು.

ನಿನ್ನೆ ರಾತ್ರಿ ಸರಿಯಾಗಿ ಮಾಡಿದೆ. ನಟ್ಟಿನ ಮುಖವನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಒರಟು ಮಾಡಿದೆ. ಮುಚ್ಚಳವನ್ನು ರಿಮೂವರ್ ಅದ್ದಿ ಹಿಂಡಿದ ಹತ್ತಿಯಲ್ಲಿ ಒರೆಸಿದೆ, ಜಿಡ್ಡಿದ್ದರೆ ಅಂಟು ಹಿಡಿಯುವುದಿಲ್ಲ. ತೆಳ್ಳಗೆ ಅಂಟು, ಮೇಲೆ ಅಡುಗೆಮನೆಯ ಕಲ್ಲಿನ ಕುಟ್ಟಾಣಿ ಭಾರ, ರಾತ್ರಿಯಿಡೀ.

ಬೆಳಿಗ್ಗೆ ಹೊರಗೆ ಜೋರು ಮಳೆ. ಚಾ ಕುಡಿದು 17 ನಂಬರ್ ಸ್ಪ್ಯಾನರ್ ಹಿಡಿದೆ. ಇಲ್ಲಿ ಇದನ್ನು ಪಾನಾ ಅನ್ನುತ್ತಾರೆ. ಎಳೆಯಲಿಲ್ಲ, ಸುಮ್ನೆ ಭಾರ ಕೊಡುತ್ತಾ ಹೋದೆ. ಕರ್‍ರ್ ಅಂತ ಒಂದು ಸಣ್ಣ ಶಬ್ದ, ಮರಳು ಅರೆದ ಹಾಗೆ. ನಟ್ ಎದ್ದಿತು ಅಂದುಕೊಂಡೆ. ಅಲ್ಲ, ಮುಚ್ಚಳ ಕೂದಲೆಳೆಯಷ್ಟು ಸರಿದಿತ್ತು. ಆಮೇಲೆ ಬೆರಳಲ್ಲೇ ಬಂತು.

ಮುಚ್ಚಳದಡಿಯ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್, ಡಾಂಬರಿನ ಹಾಗೆ ಕರಗಿ ಸುತ್ತಲೂ ಮೆತ್ತಿಕೊಂಡಿದೆ. ಆದರೆ ಒಳಗಿನ ಯಂತ್ರ ಫಳಫಳ! ಹೊರಗಿನ ಕೊಳೆಯೇ ಬೂಚಿನ ಹಾಗೆ ನಿಂತು ಕಾದಿದೆ ಅಂತ ಕಾಣುತ್ತದೆ. ಎರಡು ಸುತ್ತು ಕೀ ಕೊಟ್ಟೆ. ಅತ್ತಿತ್ತ ಆಡುತ್ತಾ ವಾಚು ನಡೆಸುವ ಬ್ಯಾಲೆನ್ಸ್ ವೀಲ್ ಏಳೆಂಟು ಸಲ ಆಡಿ ನಿಂತಿತು. ಎಣ್ಣೆ ಒಣಗಿದೆ. ಅದಕ್ಕೆ ನಾನು ಕೈ ಹಾಕುವುದಿಲ್ಲ, ಸೋಮವಾರ ಸ್ಟೇಷನ್ ಹತ್ತಿರದವರಿಗೇ ಕೊಡುತ್ತೇನೆ.

ನಟ್ಟಿನ ಅಂಟು ಬಿಡಲಿ ಅಂತ ಮುಚ್ಚಳವನ್ನು ಮಾತ್ರ ಸ್ಟೀಲ್ ಬಟ್ಟಲಲ್ಲಿ ರಿಮೂವರ್ ಹಾಕಿ ಮುಳುಗಿಸಿದೆ. ಅಕ್ರಿಲಿಕ್ ಗಾಜಿಗೆ ಅದು ತಾಗಿದರೆ ಮಂಜು ಹಿಡಿದ ಹಾಗಾಗುತ್ತದೆ, ಅದಕ್ಕೇ ಬಟ್ಟಲು ದೂರ. ಮಧ್ಯಾಹ್ನ ನಟ್ ತಾನಾಗಿ ಬಿಟ್ಟಿತು. ಒರೆಸಿ, ಒಳಮೈಯನ್ನು ಬೆಳಕಿಗೆ ಓರೆ ಹಿಡಿದು ನೋಡಿದೆ. ರಿಪೇರಿಯವರು ವಾಚು ಬಿಚ್ಚಿದಾಗ ಮುಚ್ಚಳದ ಒಳಗೆ ಸೂಜಿಯಲ್ಲಿ ತಾರೀಕು ಗೀಚುವ ರೂಢಿಯಿದೆ. ಇಲ್ಲೂ ಮೂರು ಇದ್ದವು, ಮೂರೂ ಬೇರೆ ಬೇರೆ ಕೈಬರಹ. 3-86. 11-79. ಅಂಚಿನಲ್ಲಿ, ತೀರಾ ಸಣ್ಣದಾಗಿ, 12-74.

ಭೂತಗನ್ನಡಿ ಹಿಡಿದು ಮತ್ತೆ ನೋಡಿದೆ. ಎಪ್ಪತ್ನಾಲ್ಕೇ.

ಸಂಜೆ ಮಾವನ ಫೋನ್.

"ಎಂತ ಮಾರಾಯಾ, ಬಿಚ್ಚಿತಾ?"

"ಬಿಚ್ಚಿತು ಮಾವ."

"ಒಳಗೆ ಎಂತ ಉಂಟು?"

"ಬರೀ ಕೊಳೆ" ಅಂದೆ.