ಓಟಿಡಿಆರ್ 17.8 ಅಂದಿತು, ನಾವು ಮೂರು ಗುಂಡಿ ತೋಡಿದೆವು

ಫೈಬರ್ ಅಂದರೆ ಬೆಳಕಿನ ಮೂಲಕ ಸಂದೇಶ ಸಾಗಿಸುವ ಗಾಜಿನ ಎಳೆ; ಅದು ಎಲ್ಲಿ ಕೆಟ್ಟಿದೆ ಅಂತ ಒಳಗೆ ಬೆಳಕು ಬಿಟ್ಟು ಅಳೆಯುವ ಯಂತ್ರ ಓಟಿಡಿಆರ್. ಫೈಬರ್ ಕೆಲಸ ಕಲಿಯಲು ಹೊಸ ಬ್ಯಾಚ್ ಬಂದ ಮೊದಲ ದಿನ ನಾನು ಯಾರಿಗೂ ಅದನ್ನು ಮುಟ್ಟಲು ಬಿಡುವುದಿಲ್ಲ. ಐಟಿಐ ಮುಗಿಸಿ ಬಂದವರಿಗೆಲ್ಲ ಅದರ ಮೇಲೇ ಕಣ್ಣು. ದೊಡ್ಡ ಸ್ಕ್ರೀನ್, ಬಟನ್ ಒತ್ತಿದರೆ ಗೆರೆ ಬರುತ್ತದೆ, ಕಟ್ ಎಷ್ಟು ಕಿಲೋಮೀಟರಿನಲ್ಲಿದೆ ಅಂತ ಅದೇ ಹೇಳುತ್ತದೆ. ನಾನು ಕೈಗೆ ಕೊಡುವುದು ಒರೆಸುವ ಬಟ್ಟೆ, ಸ್ಪಿರಿಟ್ ಬಾಟಲಿ, ಒಂದು ಪ್ಯಾಚ್ ಕಾರ್ಡ್ (ತುದಿಗಳಲ್ಲಿ ಕನೆಕ್ಟರ್ ಇರುವ ತುಂಡು ಫೈಬರ್). ಮುಖ ಸಪ್ಪಗಾಗುತ್ತದೆ, ಪಾಪ.

ಆಮೇಲೆ ಕನೆಕ್ಟರ್ ತುದಿಯನ್ನು ಮೈಕ್ರೋಸ್ಕೋಪಿನಲ್ಲಿ ತೋರಿಸುತ್ತೇನೆ. ಬೆಳಕು ಓಡುವ ಕೋರ್ ಅಗಲ ಸುಮಾರು 9 ಮೈಕ್ರಾನ್. ಅದರ ಮೇಲೆ ಬೆರಳಿನ ಎಣ್ಣೆ ಕೆರೆಯಂತೆ ನಿಂತಿರುತ್ತದೆ. 'ಬರಿಗಣ್ಣಿಗೆ ಕ್ಲೀನಾಗೇ ಇತ್ತಲ್ಲ ಸರ್' ಅನ್ನುತ್ತಾರೆ. ಹೌದಪ್ಪ, ಅದಕ್ಕೇ ಅಲ್ವಾ ತೋರಿಸಿದ್ದು. ಅವತ್ತೇ ಇನ್ನೆರಡು ಮಾತು ಹೇಳಿಬಿಡುತ್ತೇನೆ. ಫೈಬರ್ ತುದಿಗೆ ಕಣ್ಣಿಟ್ಟು ನೋಡಬಾರದು, ಅದರಲ್ಲಿ ಓಡುವ ಬೆಳಕು ಕಣ್ಣಿಗೆ ಕಾಣದು, ಆದರೂ ಸುಡುತ್ತದೆ. ಕ್ಲೀವ್ ಮಾಡಿ, ಅಂದರೆ ಫೈಬರ್ ತುದಿಯನ್ನು ನೇರವಾಗಿ ಕತ್ತರಿಸಿ, ಬಿದ್ದ ಗಾಜಿನ ಚೂರು ಡಬ್ಬಿಗೇ ಹೋಗಬೇಕು, ಆ ಟೇಬಲ್ಲಿನ ಮೇಲೆ ಟಿಫಿನ್ ಬಾಕ್ಸ್ ತೆರೆಯಕೂಡದು.

ಎರಡನೇ ದಿನ ಬೋರ್ಡಿನ ಮೇಲೆ ಲೆಕ್ಕ. 80 ಕಿಲೋಮೀಟರ್ ಲಿಂಕ್ ಅಂತಿಟ್ಟುಕೊಳ್ಳಿ. 1550 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಕಿಲೋಮೀಟರಿಗೆ ಸುಮಾರು 0.2 ಡಿಬಿ (ಡೆಸಿಬೆಲ್) ಲಾಸ್, ಅಲ್ಲಿಗೆ 16. ಕೇಬಲ್ ಸುತ್ತಿ ಬರುವ ಒಂದೊಂದು ಡ್ರಮ್ಮಿಗೆ 2 ಕಿಲೋಮೀಟರ್ ಅಂದರೆ 39 ಜಾಯಿಂಟ್. ಒಂದೊಂದಕ್ಕೆ 0.05 ಹಿಡಿದರೆ ಹತ್ತಿರ ಹತ್ತಿರ 2. ಎರಡು ತುದಿಯ ಕನೆಕ್ಟರಿಗೆ 1. ಒಟ್ಟು 19. ಒಂದು ತುದಿಯಲ್ಲಿ ಲೈಟ್ ಸೋರ್ಸ್, ಇನ್ನೊಂದು ತುದಿಯಲ್ಲಿ ಪವರ್ ಮೀಟರ್ ಇಟ್ಟಾಗ 24 ಬಂದರೆ ಎಲ್ಲೋ ಎಡವಟ್ಟಾಗಿದೆ. ಎಲ್ಲಿ ಅಂತ ಮೀಟರ್ ಹೇಳಲಾರದು. ಓಟಿಡಿಆರ್ ಬೇಕಾಗುವುದು ಅಲ್ಲಿ.

ಅದು ಕೆಲಸ ಮಾಡುವ ರೀತಿ ಹಾಸನದ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಸಕಲೇಶಪುರದ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ವಾಪಸ್ ನಮ್ಮ ಕಣ್ಣಿಗೇ ಬರುತ್ತದಲ್ಲ, ಗಾಜಿನೊಳಗೂ ಹಾಗೇ ಚೂರುಚೂರು ಬೆಳಕು ಹಿಂದಕ್ಕೆ ಬರುತ್ತಿರುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನುವುದರ ಮೇಲೆ ದೂರ. ಒಂದು ಕಿಲೋಮೀಟರ್ ಹೋಗಿ ಬರಲು ಸುಮಾರು 10 ಮೈಕ್ರೋಸೆಕೆಂಡ್.

ಪಲ್ಸ್ ಅಗಲದ, ಅಂದರೆ ಬೆಳಕನ್ನು ಒಂದು ಸಲಕ್ಕೆ ಎಷ್ಟು ಹೊತ್ತು ಬಿಡಬೇಕು ಅನ್ನುವ ವಿಷಯದಲ್ಲಿ ಮಾತ್ರ ಎಲ್ಲರೂ ಒಂದಲ್ಲ ಒಂದು ಸಲ ಎಡವುತ್ತಾರೆ. ಘಾಟಿನಲ್ಲಿ ನಿಂತು ಕೂಗಿದ ಹಾಗೆ ಅದು. ಸಣ್ಣಗೆ 'ಹೋ' ಅಂದರೆ ಹತ್ತಿರದ ಬಂಡೆಗಳ ಮಾರ್ದನಿ ಬಿಡಿಬಿಡಿಯಾಗಿ ಕೇಳುತ್ತದೆ, ದೂರದ್ದು ಕೇಳುವುದಿಲ್ಲ. ಉದ್ದಕ್ಕೆ ಕೂಗಿದರೆ ದೂರದಿಂದಲೂ ಬರುತ್ತದೆ, ಆದರೆ ಹತ್ತಿರದ್ದೆಲ್ಲ ಕಲಸಿಹೋಗುತ್ತದೆ. 10 ಮೈಕ್ರೋಸೆಕೆಂಡ್ ಪಲ್ಸಿಗೆ ಒಂದು ಕಿಲೋಮೀಟರಿನಷ್ಟು ಮಸುಕು. 'ಆಟೋ ಒತ್ತಿದರೆ ಆಗಲ್ವಾ ಸರ್?' ಈ ಪ್ರಶ್ನೆ ಇಲ್ಲದ ಬ್ಯಾಚ್ ನಾನು ಕಂಡಿಲ್ಲ. ಒತ್ತು, ಆಮೇಲೆ ಅದು ಯಾವ ಪಲ್ಸ್ ಆರಿಸಿತು ಅಂತ ನನಗೆ ಹೇಳು, ಅನ್ನುತ್ತೇನೆ.

ಈ ಸಲ ಅರಸೀಕೆರೆಯ ಒಬ್ಬ ಹುಡುಗಿ ಬಂದಿದ್ದಳು. ಏನಾಗಿದೆ ಅಂತ ಹುಡುಗರು ಕಂಡುಹಿಡಿಯಲಿ ಅಂತ ನಾನು ಡ್ರಮ್ಮಿನ ಹಿಂದೆ ಫೈಬರನ್ನು ದಪ್ಪ ಮಾರ್ಕರ್ ಪೆನ್ನಿಗೆ ಒಂದು ಸುತ್ತು ಹಾಕಿ ಬಚ್ಚಿಟ್ಟಿದ್ದೆ. ಉಳಿದವರು ಜಾಯಿಂಟ್ ಸರಿಯಿಲ್ಲ, ಮತ್ತೆ ಸ್ಪ್ಲೈಸ್ ಮಾಡೋಣ (ಬೆಸೆಯೋಣ) ಅಂತ ಮಷೀನ್ ತೆಗೆದೇಬಿಟ್ಟರು. ಅವಳು ಸುಮ್ನೆ 1310 ನ್ಯಾನೋಮೀಟರ್ ಬೆಳಕಿನಲ್ಲಿ ಇನ್ನೊಂದು ಟ್ರೇಸ್, ಅಂದರೆ ಓಟಿಡಿಆರ್ ಗೆರೆ, ತೆಗೆದಳು. 1550ರಲ್ಲಿ ದೊಡ್ಡ ಮೆಟ್ಟಿಲಿನಂತೆ ಇಳಿದಿದ್ದ ಗೆರೆ 1310ರಲ್ಲಿ ಇಳಿದೂ ಇಳಿಯದ ಹಾಗಿತ್ತು. 'ಇದು ಬೆಂಡ್ ಸರ್, ಜಾಯಿಂಟ್ ಆಗಿದ್ದರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತಿತ್ತು' ಅಂದಳು. ಹೌದು ಕಣಮ್ಮ ಅಂದೆ. ಒಳಗೊಳಗೇ ಖುಷಿ.

ಇನ್ನೊಬ್ಬನಿಗೆ ಜಾಯಿಂಟಿನಲ್ಲಿ ಗೆರೆ ಮೇಲಕ್ಕೆ ಹೋಗಿತ್ತು. 'ಸರ್, ಇಲ್ಲಿ ಬೆಳಕು ಜಾಸ್ತಿಯಾಗಿದೆ!' ಕರೆಂಟಿಲ್ಲದ ಜಾಯಿಂಟಿನಲ್ಲಿ ಬೆಳಕು ಹೆಚ್ಚಲು ಅದೇನು ಪವಾಡವೇ? ಮುಂದಿನ ಫೈಬರ್ ಸ್ವಲ್ಪ ಬೇರೆ ಜಾತಿಯದ್ದಾಗಿ ಹೆಚ್ಚು ಬೆಳಕನ್ನು ಹಿಂದಕ್ಕೆ ಕಳಿಸಿದರೆ ಹೀಗೆ ಕಾಣುತ್ತದೆ. ಆ ಕಡೆಯಿಂದ ನೋಡಿದಾಗ ಅಲ್ಲಿ 0.22 ಲಾಸ್, ಈ ಕಡೆಯಿಂದ 0.12 ಲಾಭ. ಕಳೆದು ಎರಡರಿಂದ ಭಾಗಿಸಿದರೆ ನಿಜವಾದ ಲಾಸ್ 0.05. ಲಾಂಗ್ ಡಿಸ್ಟೆನ್ಸ್ ಲಿಂಕನ್ನು ಎರಡೂ ಕಡೆಯಿಂದ ಟೆಸ್ಟ್ ಮಾಡಿ ಅನ್ನುವುದು ಇದಕ್ಕೇ.

ಕೊನೆಯ ದಿನ ನನ್ನದೇ ಕಥೆ ಹೇಳುತ್ತೇನೆ. ಶಿರಾಡಿ ಘಾಟ್, ಜುಲೈ ಮಳೆ. ರಾತ್ರಿ ಲಿಂಕ್ ಹೋಯಿತು. ಸಕಲೇಶಪುರದಿಂದ ಹೊಡೆದರೆ ಓಟಿಡಿಆರ್ 17.8 ಕಿಲೋಮೀಟರ್ ಅಂದಿತು. ನಾನು ಬೈಕಿನ ಮೀಟರ್ ನೋಡಿಕೊಂಡು ಸರಿಯಾಗಿ 17.8ಕ್ಕೆ ನಿಂತೆ. ಪಿಕಾಸಿ ಹಿಡಿದ ನಾಲ್ಕು ಜನ, ಮೇಲೆ ಟಾರ್ಪಾಲು. ಮೊದಲ ಗುಂಡಿಯಲ್ಲಿ ಕೇಬಲ್ ಇರುವ ಪೈಪ್ ಗಟ್ಟಿಮುಟ್ಟಾಗಿತ್ತು. ಐವತ್ತು ಮೀಟರ್ ಮುಂದೆ ಎರಡನೆಯದು, ಅದೂ ಅಷ್ಟೇ. ಮೂರನೆಯದೂ ಮುಂದಕ್ಕೇ ತೋಡಿದೆ, ಬುದ್ಧಿ ನೋಡಿ. ಬೆಳಗಿನ ಜಾವ ಹಳೇ ಜಾಯಿಂಟರ್ ಒಬ್ಬರು ಬಂದು, ಟ್ರೇಸ್ ನೋಡಿ, 'ಲೂಪ್ ಲೆಕ್ಕ ಹಾಕಿದ್ಯೇನೋ?' ಅಂದರು.

ಹಾಕಿರಲಿಲ್ಲ. ಎಂಟು ಜಾಯಿಂಟಿನಲ್ಲಿ ತಲಾ 20 ಮೀಟರ್ ಕೇಬಲ್ ಸುತ್ತಿಟ್ಟಿತ್ತು. ಸೇತುವೆಗಳ ಹತ್ತಿರದ ಚೇಂಬರಿನಲ್ಲಿ ಇನ್ನಷ್ಟು. ಕೇಬಲ್ಲಿನೊಳಗೆ ಫೈಬರ್ ಟ್ಯೂಬುಗಳು ಹಗ್ಗದಂತೆ ತಿರುಚಿಕೊಂಡಿರುವುದರಿಂದ ಕೇಬಲಿಗಿಂತ ಗಾಜೇ ಉದ್ದ. ಓಟಿಡಿಆರ್ ಅಳೆದದ್ದು ಗಾಜನ್ನು, ನಾನು ಅಳೆದದ್ದು ರಸ್ತೆಯನ್ನು. ಅವರು ಟ್ರೇಸಿನಲ್ಲಿ ಎಂಟನೇ ಜಾಯಿಂಟ್ ಹುಡುಕಿ, ಅಲ್ಲಿಂದ ಕಟ್ ಎಷ್ಟು ದೂರ ಅಂತ ಮಾತ್ರ ತೆಗೆದುಕೊಂಡು, ಆ ಜಾಯಿಂಟಿನ ಚೇಂಬರಿನಿಂದ ಟೇಪ್ ಹಿಡಿದು ನಡೆದರು. ನಾನು ತೋಡಿದ್ದಕ್ಕಿಂತ 400 ಮೀಟರ್ ಹಿಂದೆ ಮಣ್ಣು ಕುಸಿದು ಪೈಪ್ ಎರಡು ತುಂಡಾಗಿತ್ತು. ರಾತ್ರಿ ಅದರ ಮೇಲೇ ಬೈಕ್ ಓಡಿಸಿಕೊಂಡು ಹೋಗಿದ್ದೆ.

ಕಳೆದ ವಾರ ಅರಸೀಕೆರೆಯ ಹುಡುಗಿಯ ಫೋನು. ಮೊದಲ ಫಾಲ್ಟ್, ಒಂದೇ ಗುಂಡಿಯಲ್ಲಿ ಸಿಕ್ಕಿತಂತೆ.

'ಎಲ್ಲಿಂದ ಅಳೆದೆ?'

'ಹನ್ನೊಂದನೇ ಜಾಯಿಂಟಿಂದ ಸರ್. ಲೂಪ್ ಕಳೆದು.'

'ಜೆಸಿಬಿ ಕಟ್ಟಾ?'

'ಎಲ್ಲರೂ ಹಾಗೇ ಅಂದ್ಕೊಂಡಿದ್ರು ಸರ್. ತೆಗೆದು ನೋಡಿದರೆ ಇಲಿ.'